ಎರಡು ಚೀಟಿ, ಒಂದೇ ಹಿಂಗಾಲು: ಮುಧೋಳ ಹೆಣ್ಣು ನಾಯಿಯ ಅಂಗ, ನಡೆ, ಬೆದೆಯ ಪದಗಳು

ಪ್ರಶ್ನೆ: ನಮ್ಮಲ್ಲಿ ಎರಡು ವರ್ಷ ದಾಟಿದ ಮುಧೋಳ ಹೆಣ್ಣು ನಾಯಿ ಇದೆ. ಡಾಗ್ ಷೋದಲ್ಲಿ ತೀರ್ಪುಗಾರರು ಕೊಟ್ಟ ಹಾಳೆಯಲ್ಲಿ “ವಿದರ್ಸ್ 66 ಸೆಂ.ಮೀ., ಟಕ್-ಅಪ್ ಉತ್ತಮ, ಪಾಸ್ಟರ್ನ್ ಸ್ವಲ್ಪ ಡೌನ್, ಹಿಂದಿನಿಂದ ಕೌ-ಹಾಕ್, ಪಕ್ಕದಿಂದ ಪೇಸಿಂಗ್” ಎಂದಿದೆ. ಮರಿ ಮಾಡಿಸೋಣ ಎಂದು ಗಂಡು ನಾಯಿ ಇರುವವರನ್ನು ಕೇಳಿದರೆ “ಹೀಟಿಗೆ ಬಂದ ಹತ್ತನೇ ದಿನ ಕರ್ಕೊಂಡು ಬನ್ನಿ, ಕ್ರಾಸ್ ಮಾಡಿಸೋಣ, ಲಾಕ್ ಆದ್ರೆ ಮುಗೀತು” ಅಂದರು. ವೈದ್ಯರ ಚೀಟಿಯಲ್ಲಿ “ಎಡ ಪಟೆಲ್ಲಾ ಗ್ರೇಡ್ 1, ಬ್ರೂಸೆಲ್ಲಾ, ಸೀರಿಯಲ್ ಪಿ4” ಎಂದಿದೆ. ಈ ಪದಗಳ ಅರ್ಥವೇನು? ಈ ಸಲದ ಬೆದೆಗೆ ಕೂಡಿಸಬಹುದೇ?

ಉತ್ತರ: ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ಓದಿ. ತೀರ್ಪುಗಾರರು ಬರೆದ ‘ಕೌ-ಹಾಕ್’, ‘ಪೇಸಿಂಗ್’, ವೈದ್ಯರು ಬರೆದ ‘ಪಟೆಲ್ಲಾ ಗ್ರೇಡ್ 1’ ಮೂರೂ ಒಂದೇ ಹಿಂಗಾಲಿನ ಸುದ್ದಿ ಇರಬಹುದು. ಒಬ್ಬರು ದೂರದಿಂದ ಕಣ್ಣಲ್ಲಿ ನೋಡಿ ಬರೆದರು, ಇನ್ನೊಬ್ಬರು ಕೈಯಿಂದ ಮುಟ್ಟಿ ಬರೆದರು, ಅಷ್ಟೇ. ಅದು ಬಗೆಹರಿಯುವ ತನಕ ಗಂಡು ಯಾವುದು, ದಿನ ಯಾವುದು ಅನ್ನುವ ಮಾತೇ ಬೇಡ. ಆದ್ದರಿಂದ ಕಾಲಿನಿಂದ ಶುರು ಮಾಡೋಣ.

ನಾಯಿ ನಡೆಯುವುದು ಬೆರಳುಗಳ ಮೇಲೆ. ನಮ್ಮ ಅಂಗೈ, ಅಂಗಾಲು ಇರುವ ಜಾಗ ಅದಕ್ಕೆ ನೆಲದಿಂದ ಮೇಲೆ ಎತ್ತಿಕೊಂಡಿರುತ್ತದೆ. ಇದನ್ನು ಮರೆತರೆ ಎಲ್ಲ ಕೀಲುಗಳ ಹೆಸರೂ ಒಂದೊಂದು ಮನೆ ಮುಂದಕ್ಕೆ ಹೋಗಿಬಿಡುತ್ತವೆ. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿಕೊಂಡ ಗಂಟನ್ನು ತೋರಿಸಿ “ನಾಯಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆ” ಅನ್ನುವವರು ಬಹಳ. ಅದು ಮೊಣಕಾಲಲ್ಲ, ಹರಡು. ಆ ಚೂಪಾದ ತುದಿಯೇ ಹಿಮ್ಮಡಿ. ಷೋ ಭಾಷೆಯಲ್ಲಿ ಅದಕ್ಕೆ ಹಾಕ್ ಎಂದು ಹೆಸರು. ನಿಜವಾದ ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಚರ್ಮ ತೊಡೆಗೆ ಕೂಡುವ ಮಡಿಕೆಯ ಹತ್ತಿರ, ಮುಂದಕ್ಕೆ ಮುಖ ಮಾಡಿಕೊಂಡಿದೆ. ಅದು ಸ್ಟೈಫಲ್. ಅದರ ಮುಂದೆ ಬೆರಳಿಟ್ಟರೆ ಕಡಲೆಕಾಯಿಯಷ್ಟು ಗಟ್ಟಿಯಾಗಿ ಜಾರುವುದು ಮಂಡಿಚಿಪ್ಪು, ವೈದ್ಯರ ‘ಪಟೆಲ್ಲಾ’.

ಇದನ್ನು ಓದಿ ಬಿಡುವುದಕ್ಕಿಂತ ಒಮ್ಮೆ ಕೈಯಾಡಿಸಿ ನೋಡುವುದು ಒಳ್ಳೆಯದು. ನಾಯಿಯನ್ನು ಜಾರದ ಸಮ ನೆಲದಲ್ಲಿ, ನಾಲ್ಕೂ ಕಾಲಿಗೆ ಸಮ ಭಾರ ಬೀಳುವಂತೆ ನಿಲ್ಲಿಸಿ. ಕತ್ತಿನ ಹಿಂಭಾಗದಿಂದ ಬೆನ್ನಗುಂಟ ಎರಡು ಬೆರಳು ಇಳಿಸುತ್ತ ಬನ್ನಿ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಎರಡು ಭುಜದೆಲುಬುಗಳ ಮೇಲ್ತುದಿ ಅಕ್ಕಪಕ್ಕ ಸಿಗುತ್ತವೆ. ನಡುವೆ ಸಣ್ಣ ಸಂದು. ಅದೇ ವಿದರ್ಸ್. ನಾಯಿಯ ಎತ್ತರ ಅಳೆಯುವುದು ಇಲ್ಲಿಂದ ನೆಲಕ್ಕೆ, ನೆತ್ತಿಯಿಂದ ಅಲ್ಲ. ಟೇಪನ್ನು ಮೈಗೆ ಅಂಟಿಸಿ ಅಳೆದರೆ ಎದೆಯ ಉಬ್ಬಿನ ಮೇಲೆ ಹಾದು ಒಂದೆರಡು ಸೆಂಟಿಮೀಟರ್ ಜಾಸ್ತಿ ತೋರಿಸುತ್ತದೆ. ವಿದರ್ಸ್ ಮೇಲೆ ಒಂದು ಸ್ಕೇಲು ಅಡ್ಡ ಇಟ್ಟು, ಅದರ ತುದಿಯಿಂದ ನೆಲಕ್ಕೆ ನೇರ ಅಳೆಯಿರಿ. ಈ ತಳಿಯ ಮಾನದಂಡದಲ್ಲಿ ಹೆಣ್ಣಿಗೆ 64ರಿಂದ 68 ಸೆಂ.ಮೀ., ಗಂಡಿಗೆ 68ರಿಂದ 72 ಸೆಂ.ಮೀ. ನಿಮ್ಮದು 66, ಆ ಲೆಕ್ಕ ಸರಿಯಿದೆ.

ವಿದರ್ಸಿನಿಂದ ಕೈ ಕೆಳಗಿಳಿಸಿದರೆ ಭುಜದೆಲುಬು ಮುಂದಕ್ಕೆ ಓರೆಯಾಗಿ ಇಳಿದು ಎದೆಯ ಮುಂಭಾಗದಲ್ಲಿ ಒಂದು ಗಂಟಿಗೆ ಬಂದು ನಿಲ್ಲುತ್ತದೆ. ಅದು ಭುಜದ ಕೀಲು. ಅಲ್ಲಿಂದ ತೋಳಿನ ಎಲುಬು ಹಿಂದಕ್ಕೆ ತಿರುಗಿ ಮೊಣಕೈಗೆ ಹೋಗುತ್ತದೆ. ಭುಜದೆಲುಬು ಎಷ್ಟು ಓರೆಯಾಗಿ ಹಿಂದಕ್ಕೆ ಮಲಗಿದೆ ಅನ್ನುವುದೇ ‘ಲೇಬ್ಯಾಕ್’. ಕೀಲುಗಳಲ್ಲಿ ಎಲುಬು ಎಲುಬಿಗೆ ಕೂಡುವ ಕೋನಗಳಿಗೆ ಒಟ್ಟಾಗಿ ‘ಆಂಗ್ಯುಲೇಷನ್’ ಅನ್ನುತ್ತಾರೆ. ಇಲ್ಲಿ ಒಂದು ಗಮನಿಸುವ ಸಂಗತಿ ಇದೆ. ನಾಯಿಗೆ ನಮ್ಮ ಹಾಗೆ ಕೆಲಸ ಮಾಡುವ ಕೊರಳೆಲುಬು ಇಲ್ಲ. ಮುಂಗಾಲು ಮೈಗೆ ಅಂಟಿಕೊಂಡಿರುವುದು ಬರೀ ಸ್ನಾಯುಗಳಿಂದ. ಎಲುಬಿಗೆ ಎಲುಬು ಸೇರುವ ಕೀಲು ಅಲ್ಲಿಲ್ಲ. ಓಡುವಾಗ ಇಡೀ ಭುಜದೆಲುಬೇ ಪಕ್ಕೆಲುಬಿನ ಮೇಲೆ ಜಾರುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಮರಿಯನ್ನು ಮುಂಗಾಲು ಹಿಡಿದು ಎತ್ತಬಾರದು ಅನ್ನುವುದಕ್ಕೂ ಕಾರಣ ಇದೇ. ಎದೆಯ ಕೆಳಗೊಂದು ಕೈ, ಪಿರ್ರೆಯ ಕೆಳಗೊಂದು ಕೈ ಕೊಟ್ಟು ಎತ್ತಬೇಕು.

ಮೊಣಕೈಯಿಂದ ಕೆಳಗೆ ಮುಂದೋಳು, ಅದರ ಕೆಳಗೆ ಮಣಿಕಟ್ಟು, ಮಣಿಕಟ್ಟಿಗೂ ಬೆರಳಿಗೂ ನಡುವಿನ ಗೇಣುದ್ದದ ಒಳಗಿನ ಭಾಗ ಪಾಸ್ಟರ್ನ್. ನಮ್ಮ ಅಂಗೈಯ ಎಲುಬುಗಳೇ ಅವು. ‘ಪಾಸ್ಟರ್ನ್ ಡೌನ್’ ಅಂದರೆ ನೆಟ್ಟಗೆ ನಿಲ್ಲಬೇಕಾದ ಈ ಭಾಗ ಸೋತು ಹಿಂದಕ್ಕೆ ಬಾಗಿದೆ, ಬೆರಳುಗಳು ಅಗಲವಾಗಿ ಹರಡಿವೆ ಎಂದು. ಓಟದ ನಾಯಿಗೆ ಸ್ವಲ್ಪ ಓರೆ ಇರಲೇಬೇಕು, ಅದು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಕಂಬದಂತೆ ನೆಟ್ಟಗಿದ್ದರೆ ಪ್ರತಿ ಹೆಜ್ಜೆಯ ಏಟೂ ಸೀದಾ ಭುಜಕ್ಕೆ ಹೋಗುತ್ತದೆ. ಹಾಗಾಗಿ ‘ಸ್ವಲ್ಪ ಡೌನ್’ ಅನ್ನುವುದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಳಪಿನ ಟೈಲ್ಸ್ ಮೇಲೆ ಬೆಳೆದ, ಓಡಲು ಮಣ್ಣಿನ ಜಾಗ ಸಿಗದ, ಉಗುರು ಉದ್ದ ಬಿಟ್ಟ ನಾಯಿಗಳಲ್ಲಿ ಇದು ಸಾಮಾನ್ಯ. ಉಗುರು ನೆಲಕ್ಕೆ ಟಕಟಕ ಅನ್ನದಷ್ಟು ಕತ್ತರಿಸಿ, ಮಣ್ಣು ಅಥವಾ ಹುಲ್ಲಿನ ಮೇಲೆ ದಿನವೂ ಓಡಲು ಬಿಡಿ. ಇದಕ್ಕೆಂದು ಬೆಳೆಯುವ ಮರಿಗಳಿಗೆ ಕ್ಯಾಲ್ಸಿಯಂ ಸಿರಪ್ ಸುರಿಯುವ ರೂಢಿ ಇದೆಯಲ್ಲ, ಅದನ್ನು ಮಾತ್ರ ಬಿಡಬೇಕು. ಸಮತೋಲದ ಆಹಾರ ತಿನ್ನುವ ಮರಿಗೆ ಮೇಲಿನಿಂದ ಕೊಟ್ಟ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಕೆಡಿಸಬಲ್ಲದು.

ಈಗ ಮೈಗೆ ಬನ್ನಿ. ಪಕ್ಕೆಲುಬು 13 ಜೊತೆ. ಕೊನೆಯ ಜೊತೆ ಎದೆಗೂಡಿಗೆ ಅಂಟದೆ ತೇಲುತ್ತಿರುತ್ತದೆ. ಅದರ ಹಿಂದಿನ ಏಳು ಬೆನ್ನೆಲುಬಿನ ಭಾಗ ಸೊಂಟ. ಎದೆಯ ತಳ ಮೊಣಕೈ ಮಟ್ಟಕ್ಕೆ ಇಳಿದು, ಅಲ್ಲಿಂದ ಹೊಟ್ಟೆ ಕಮಾನಿನ ಹಾಗೆ ಸೊಂಟದತ್ತ ಮೇಲೇರುವುದು ಟಕ್-ಅಪ್. ಮುಧೋಳದಲ್ಲಿ ಇದು ಎದ್ದು ಕಾಣಬೇಕು. “ಪಾಪ, ಊಟ ಹಾಕಲ್ವಾ?” ಎಂದು ಬೀದಿಯಲ್ಲಿ ಕೇಳುವವರಿಗೆ ಉತ್ತರ ಕೊಟ್ಟು ಸಾಕಾಗಿರುತ್ತದೆ, ಗೊತ್ತು. ಆದರೂ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಈ ತಳಿಗೆ ಆರೋಗ್ಯವೇ. ಬೆನ್ನಿನ ಮುಳ್ಳೆಲುಬು, ಸೊಂಟದ ಎರಡು ಮೂಲೆ ಎಲುಬುಗಳು ಚೂಪಾಗಿ ಎದ್ದು, ತೊಡೆಯ ಸ್ನಾಯು ಒಣಗಿದ್ದರೆ ಮಾತ್ರ ಅದು ಸೊರಗು. ಜಂತುಹುಳು, ಉಣ್ಣೆಹುಳುವಿನಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಜ್ವರಗಳನ್ನು ಮೊದಲು ನೋಡಬೇಕು.

ಹಿಂಗಾಲಿಗೆ ಹೋಗೋಣ, ನಿಮ್ಮ ವಿಷಯ ಇರುವುದೇ ಅಲ್ಲಿ. ಕೌ-ಹಾಕ್ ಅಂದರೆ ಹಿಂದೆ ನಿಂತು ನೋಡಿದಾಗ ಎರಡು ಹರಡುಗಳು ಒಂದನ್ನೊಂದು ನೋಡುವಂತೆ ಒಳಕ್ಕೆ ಬಾಗಿ, ಪಾದಗಳು ಹೊರಕ್ಕೆ ತಿರುಗಿರುವುದು. ಹಸುವಿನ ಹಿಂಗಾಲು ನೆನಪಿಸಿಕೊಳ್ಳಿ. ಇದರ ತಿರುವುಮುರುವು ಹರಡು ಹೊರಕ್ಕೆ ಉಬ್ಬಿ ಕಾಲು ಆವರಣ ಚಿಹ್ನೆಯಂತೆ ಕಾಣುವುದು. ನಿಂತ ನಾಯಿಯಲ್ಲಿ ಇವೆರಡನ್ನೂ ನಂಬಬೇಡಿ. ಸೋಮಾರಿಯಾಗಿ ನಿಂತ ಯಾವ ನಾಯಿಯೂ ಕೌ-ಹಾಕ್ ಆಗಿಯೇ ಕಾಣುತ್ತದೆ. ನಡೆಸಿ ನೋಡಬೇಕು.

ನಡೆಸಿ ನೋಡುವ ಕ್ರಮ ಹೀಗೆ. ಗಟ್ಟಿಯಾದ, ಜಾರದ, ಕನಿಷ್ಠ 20 ಮೀಟರ್ ಉದ್ದದ ನೇರ ಜಾಗ ಹುಡುಕಿ. ಒಬ್ಬರು ನಾಯಿಯನ್ನು ಹಿಡಿದು ನಿಮ್ಮಿಂದ ದೂರಕ್ಕೆ, ಮತ್ತೆ ನಿಮ್ಮ ಕಡೆಗೆ, ಆಮೇಲೆ ಪಕ್ಕದಿಂದ ಹಾದುಹೋಗುವಂತೆ ನಡೆಸಲಿ. ಹಗ್ಗ ಸಡಿಲವಾಗಿರಲಿ, ಎಳೆದರೆ ತಲೆ ಓರೆಯಾಗಿ ಇಡೀ ನಡೆ ಕೆಡುತ್ತದೆ. ನೀವು ಕುಕ್ಕರುಗಾಲಲ್ಲಿ ಕೂತು ಮೊಬೈಲನ್ನು ಹರಡಿನ ಎತ್ತರಕ್ಕೆ ಹಿಡಿದು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ನಿಂತು ಮೇಲಿನಿಂದ ತೆಗೆದ ವಿಡಿಯೊದಲ್ಲಿ ಕಾಲಿನ ಕೋನ ಗೊತ್ತಾಗುವುದಿಲ್ಲ. ಮೊದಲು ನಿಧಾನ ನಡಿಗೆ, ಆಮೇಲೆ ಟ್ರಾಟ್, ಅಂದರೆ ಸಣ್ಣ ಓಟ.

ನಡೆಗಳ ಹೆಸರು ಇಲ್ಲಿ ಬೇಕಾಗುತ್ತವೆ. ನಡಿಗೆಯಲ್ಲಿ ನಾಲ್ಕು ಕಾಲು ಒಂದಾದ ಮೇಲೊಂದು, ನಾಲ್ಕು ತಾಳ. ಟ್ರಾಟ್‌ನಲ್ಲಿ ಎರಡು ತಾಳ: ಬಲ ಮುಂಗಾಲಿನ ಜೊತೆ ಎಡ ಹಿಂಗಾಲು, ಎಡ ಮುಂಗಾಲಿನ ಜೊತೆ ಬಲ ಹಿಂಗಾಲು. ದೋಷಗಳು ಚೆನ್ನಾಗಿ ಕಾಣುವುದು ಈ ನಡೆಯಲ್ಲೇ, ಆದ್ದರಿಂದಲೇ ರಿಂಗಿನಲ್ಲಿ ಟ್ರಾಟ್ ಮಾಡಿಸುತ್ತಾರೆ. ಪೇಸಿಂಗ್ ಕೂಡ ಎರಡು ತಾಳವೇ, ಆದರೆ ಒಂದೇ ಪಕ್ಕದ ಮುಂಗಾಲು ಹಿಂಗಾಲು ಒಟ್ಟಿಗೆ ಹೋಗುತ್ತವೆ, ಒಂಟೆಯ ಹಾಗೆ. ಮೈ ಎಡಕ್ಕೂ ಬಲಕ್ಕೂ ತೂಗುತ್ತದೆ. ಟ್ರಾಟ್‌ಗಿಂತ ವೇಗದ ಕ್ಯಾಂಟರ್ ಮೂರು ತಾಳ. ಪೂರ್ತಿ ವೇಗದ ಓಟವಾದ ಗ್ಯಾಲಪ್‌ನಲ್ಲಿ ಮತ್ತೆ ನಾಲ್ಕು. ಮುಧೋಳ, ಗ್ರೇಹೌಂಡ್, ಸಲೂಕಿಗಳಂತಹ ನೋಟದ ಬೇಟೆ ನಾಯಿಗಳ ಗ್ಯಾಲಪ್‌ನಲ್ಲಿ ಒಂದೇ ಆವರ್ತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಒಮ್ಮೆ ಬೆನ್ನು ಬಿಲ್ಲಿನಂತೆ ಬಾಗಿ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಕೂಡಿದಾಗ, ಇನ್ನೊಮ್ಮೆ ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಪೂರ್ತಿ ಚಾಚಿದಾಗ. ಕುದುರೆಯ ಗ್ಯಾಲಪ್‌ನಲ್ಲಿ ಮೊದಲನೆಯದು ಮಾತ್ರ ಇದೆ. ಉದ್ದ ಸೊಂಟ, ಟಕ್-ಅಪ್, ಸಡಿಲ ಭುಜ ಎಲ್ಲವೂ ಈ ಬಿಲ್ಲಿನ ಆಟಕ್ಕಾಗಿಯೇ. ಜರ್ಮನ್ ಷೆಫರ್ಡ್ ನೋಡಿ ಕಣ್ಣು ಪಳಗಿಸಿಕೊಂಡವರು ಮುಧೋಳದ ಹಿಂಗಾಲಿಗೆ ‘ಕೋನ ಸಾಲದು’ ಅನ್ನುವುದುಂಟು. ಗಂಟೆಗಟ್ಟಲೆ ಟ್ರಾಟ್ ಮಾಡುವ ಕಾವಲು ನಾಯಿಯ ಅಳತೆಗೋಲು ಮೊಲದ ಹಿಂದೆ ಚಿಮ್ಮುವ ನಾಯಿಗೆ ಹೊಂದುವುದಿಲ್ಲ.

ಪೇಸಿಂಗ್‌ಗೆ ನಿರುಪದ್ರವಿ ಕಾರಣಗಳೇ ಜಾಸ್ತಿ. ಹಿಡಿದವರ ವೇಗ ನಡಿಗೆಗೂ ಟ್ರಾಟ್‌ಗೂ ನಡುವೆ ಸಿಕ್ಕಿಕೊಂಡರೆ, ಬಿಸಿಲಿಗೆ ದಣಿದರೆ, ಉದ್ದ ಕಾಲಿನ ನಾಯಿ ಪೇಸ್‌ಗೆ ಜಾರುತ್ತದೆ. ನಿಲ್ಲಿಸಿ, ತಲೆ ಸ್ವಲ್ಪ ಎತ್ತಿಸಿ, ಒಮ್ಮೆಲೇ ಚುರುಕಾಗಿ ಹೊರಟರೆ ಟ್ರಾಟ್‌ಗೆ ಬಂದುಬಿಡುತ್ತದೆ. ಹಾಗೆ ಮಾಡಿದರೂ ಮನೆಯಲ್ಲಿ, ಬೆಳಗಿನ ತಂಪಿನಲ್ಲಿ, ಮತ್ತೆ ಮತ್ತೆ ಪೇಸ್ ಮಾಡುತ್ತಿದ್ದರೆ ಅದು ನೋವು ತಪ್ಪಿಸಿಕೊಳ್ಳುವ ಉಪಾಯ ಇರಬಹುದು. ಸೊಂಟ, ಚಪ್ಪೆ ಕೀಲು, ಮೊಣಕಾಲು ನೋಡಿಸಬೇಕು. ವಿಡಿಯೊದಲ್ಲಿ ಇನ್ನೆರಡು ಗಮನಿಸಿ. ಮುಂಗಾಲು ಕುಂಟಿದರೆ ನೋವಿಲ್ಲದ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ, ನೋವಿನ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಬಹಳ ಜನ ಇದನ್ನು ತಲೆಕೆಳಗು ಮಾಡಿಕೊಂಡು ಚೆನ್ನಾಗಿರುವ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಹಿಂಗಾಲು ಕುಂಟಿದರೆ ನೋವಿನ ಕಡೆಯ ಚಪ್ಪೆ ಹೆಚ್ಚು ಏರಿಳಿಯುತ್ತದೆ. ಎರಡನೆಯದು, ಮೂರು ನಾಲ್ಕು ಹೆಜ್ಜೆ ಒಂದು ಹಿಂಗಾಲನ್ನು ಮಡಚಿ ಎತ್ತಿಕೊಂಡು ಕುಪ್ಪಳಿಸಿ, ಆಮೇಲೆ ಏನೂ ಆಗದವರಂತೆ ಓಡುವುದು. ಇದು ಮಂಡಿಚಿಪ್ಪು ಜಾರಿ ತಾನೇ ಮರಳಿ ಕೂತದ್ದರ ಗುರುತು.

ಗ್ರೇಡ್‌ಗಳ ಅರ್ಥ ಈಗ ಸುಲಭ. ಮಂಡಿಚಿಪ್ಪು ತೊಡೆಯೆಲುಬಿನ ತುದಿಯಲ್ಲಿರುವ ಕಾಲುವೆಯಂಥ ತೋಡಿನಲ್ಲಿ ಮೇಲೆ ಕೆಳಗೆ ಜಾರಬೇಕು. ವೈದ್ಯರು ಬೆರಳಿನಿಂದ ತಳ್ಳಿದರೆ ತೋಡಿನಿಂದ ಹೊರಬಂದು, ಬಿಟ್ಟ ಕೂಡಲೇ ಒಳಗೆ ಹೋದರೆ ಗ್ರೇಡ್ 1. ನಡೆಯುವಾಗಲೂ ಆಗೀಗ ತಾನಾಗಿ ಹೊರಬಂದು ತಾನಾಗಿಯೋ, ಕಾಲು ಚಾಚಿದಾಗಲೋ ಒಳಗೆ ಹೋದರೆ ಗ್ರೇಡ್ 2. ಹೊರಗೇ ಇದ್ದು ಕೈಯಿಂದ ತಳ್ಳಿದರೆ ಒಳಗೆ ಕೂರುವುದು 3, ತಳ್ಳಿದರೂ ಕೂರದ್ದು 4. ನಿಮ್ಮ ಚೀಟಿಯಲ್ಲಿ ಮುಖ್ಯವಾದ ಒಂದು ಪದ ಬಿಟ್ಟುಹೋಗಿದೆ: ಚಿಪ್ಪು ಒಳಕ್ಕೆ ಜಾರುತ್ತದೋ ಹೊರಕ್ಕೋ? ಸಣ್ಣ ತಳಿಗಳಲ್ಲಿ ಒಳಕ್ಕೆ ಜಾರುವುದೇ ಹೆಚ್ಚು, ಅಂಥ ಕಾಲು ಹೊರಕ್ಕೆ ಬಿಲ್ಲಾಗಿ ಕಾಣುತ್ತದೆ. ಹೊರಕ್ಕೆ ಜಾರುವುದು ದೊಡ್ಡ ನಾಯಿಗಳಲ್ಲಿ ಕಾಣುವಂಥದ್ದು. ಅಂಥ ಕಾಲಿನ ಮಂಡಿ ಒಳಕ್ಕೆ, ಪಾದ ಹೊರಕ್ಕೆ ತಿರುಗಿ ಹಿಂದಿನಿಂದ ಕೌ-ಹಾಕ್ ಆಗಿ ಕಾಣುತ್ತದೆ. ತೀರ್ಪುಗಾರರ ಪದ, ವೈದ್ಯರ ಪದ ಸೇರುವ ಜಾಗ ಇದೇ.

ಆದ್ದರಿಂದ ಮತ್ತೊಮ್ಮೆ ವೈದ್ಯರ ಹತ್ತಿರ ಹೋಗಿ, ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಸ್ನಾಯು ಸಡಿಲವಾಗಿರುವಾಗ ಎರಡೂ ಮಂಡಿ ನೋಡಿಸಿ. ಒಳಕ್ಕೆ ಜಾರುವುದನ್ನು ನೋಡಲು ಕಾಲನ್ನು ಚಾಚಿ ಪಾದವನ್ನು ಒಳಕ್ಕೆ ತಿರುಗಿಸಿ ತಳ್ಳುತ್ತಾರೆ. ಹೊರಕ್ಕೆ ಜಾರುವುದನ್ನು ನೋಡಲು ಮಂಡಿಯನ್ನು ತುಸು ಮಡಚಿ ಪಾದವನ್ನು ಹೊರಕ್ಕೆ ತಿರುಗಿಸಬೇಕು. ಒಂದು ಕಡೆ ಮಾತ್ರ ಪರೀಕ್ಷಿಸಿದರೆ ಇನ್ನೊಂದು ತಪ್ಪಿಹೋಗುತ್ತದೆ. ಸ್ಲೋ ಮೋಷನ್ ವಿಡಿಯೊ ಜೊತೆಗಿರಲಿ. ಕುಂಟು ಇಲ್ಲ, ಒಂದೇ ಕಾಲು, ಗ್ರೇಡ್ 1 ದಾಟಿಲ್ಲ ಎಂದಾದರೆ ಎರಡೂ ಮಂಡಿ ಸರಿಯಿರುವ, ಕಾಲು ನೆಟ್ಟಗಿರುವ ಗಂಡಿನ ಜೊತೆ ಕೂಡಿಸುವುದನ್ನು ಯೋಚಿಸಬಹುದು. ಎರಡೂ ಕಾಲಿಗೆ ಇದ್ದರೆ, ಅಥವಾ ಗ್ರೇಡ್ 2 ಎಂದಾದರೆ ನನ್ನ ಮಾತು ಸ್ಪಷ್ಟ: ಮರಿ ಬೇಡ. ಈ ದೋಷಕ್ಕೆ ವಂಶದ ಪಾಲು ದೊಡ್ಡದು.

ಇನ್ನು ಗಂಡಿನವರ ಭಾಷೆ. ‘ಕ್ರಾಸ್’ ಅನ್ನುವ ಒಂದೇ ಪದಕ್ಕೆ ನಮ್ಮಲ್ಲಿ ಎರಡು ಅರ್ಥ ನಡೆಯುತ್ತದೆ. ‘ಕ್ರಾಸ್ ಮಾಡಿಸೋದು’ ಅಂದರೆ ಕೂಡಿಸುವುದು, ‘ಇದು ಕ್ರಾಸ್’ ಅಂದರೆ ಬೆರಕೆ ತಳಿ. ಮುಧೋಳಕ್ಕೆ ಗ್ರೇಹೌಂಡ್ ಬೆರಕೆ ಮಾಡುವುದು ಹೊಸತೇನಲ್ಲ, ಹಾಗಾಗಿ ಗಂಡಿನ ಬಗ್ಗೆ ಕೇಳುವಾಗ ಬಿಡಿಸಿ ಕೇಳಿ. ದಾಖಲೆ ನೋಡುವಾಗ ಇನ್ನೊಂದು ನೆನಪಿರಲಿ: ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಈ ತಳಿ ‘ಕಾರವಾನ್ ಹೌಂಡ್’ ಎಂದಿರುತ್ತದೆ. ಅದನ್ನು ನೋಡಿ “ಇದು ಮುಧೋಳವಲ್ಲ” ಎಂದು ವಾಪಸ್ಸು ಬಂದವರಿದ್ದಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ; ತಳಿಯ ಲಕ್ಷಣದ ಬಗ್ಗೆ ಅನುಮಾನ ಬಂದರೆ ಕೇಳಬೇಕಾದ ಜಾಗ ಅದು.

ವಂಶಾವಳಿಯಲ್ಲಿ ಎರಡೂ ಕಡೆ ಒಂದೇ ಹೆಸರು ಬರುತ್ತಿದೆಯೇ ನೋಡಿ. ಅಣ್ಣ ತಂಗಿಯನ್ನೋ, ಅಪ್ಪ ಮಗಳನ್ನೋ ಕೂಡಿಸಿದರೆ ಹುಟ್ಟುವ ಮರಿಯ ಒಳಸಂಬಂಧದ (ಇನ್‌ಬ್ರೀಡಿಂಗ್) ಲೆಕ್ಕ 25 ಶೇಕಡಾ. ಅಪ್ಪ ಒಬ್ಬನೇ, ಅಮ್ಮ ಬೇರೆ ಆದ ಒಡಹುಟ್ಟುಗಳನ್ನು ಕೂಡಿಸಿದರೆ 12.5, ಅಣ್ಣ ತಮ್ಮಂದಿರ ಮಕ್ಕಳನ್ನು ಕೂಡಿಸಿದರೆ 6.25. 25 ಶೇಕಡಾದ ಕೂಡಿಕೆಯನ್ನೇ ನಯವಾಗಿ ‘ಲೈನ್ ಬ್ರೀಡಿಂಗ್’ ಎಂದು ಕರೆದು ಮಾರುವವರಿದ್ದಾರೆ. ಹೆಸರು ಏನೇ ಇರಲಿ, ಶೇಕಡಾ ಕೇಳಿ. ನಿಮ್ಮ ಹೆಣ್ಣಿನ ಮಂಡಿಯಲ್ಲಿ ಅನುಮಾನ ಇರುವಾಗ ಅವಳ ಹತ್ತಿರದ ನೆಂಟ ಗಂಡು ಯಾವ ಕಾರಣಕ್ಕೂ ಬೇಡ, ಅದೇ ದೋಷ ಇಬ್ಬರಲ್ಲೂ ಅಡಗಿರಬಹುದು. ಗಂಡಿನ ವೃಷಣ ಎರಡೂ ಚೀಲಕ್ಕೆ ಇಳಿದಿರಬೇಕು. ಮರಿಗೆ ಎರಡು ತಿಂಗಳಾಗುವಷ್ಟರಲ್ಲಿ ಇಳಿಯಬೇಕಾದದ್ದು ಅದು. ಆರು ತಿಂಗಳಾದರೂ ಇಳಿಯದಿದ್ದರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಹಲ್ಲು 42, ಮುಂದಿನ ಮೇಲಿನ ಸಾಲು ಕೆಳಗಿನದರ ಮೇಲೆ ಕತ್ತರಿಯಂತೆ ಕೂರಬೇಕು.

ವೈದ್ಯರ ‘ಬ್ರೂಸೆಲ್ಲಾ’ ಇಬ್ಬರಿಗೂ ಆಗಬೇಕಾದ ರಕ್ತ ಪರೀಕ್ಷೆ. ಬ್ರೂಸೆಲ್ಲಾ ಕ್ಯಾನಿಸ್ ಸೋಂಕಿದ್ದರೆ ಹೆಣ್ಣು ಸಾಮಾನ್ಯವಾಗಿ 45 ದಿನದ ನಂತರ ಕಂದು ಹಾಕುತ್ತದೆ, ಗಂಡಿನ ವೃಷಣ ಊದಿ ಆಮೇಲೆ ಕುಗ್ಗುತ್ತದೆ, ಔಷಧಿಯಿಂದ ಪೂರ್ತಿ ಹೋಗುವ ಭರವಸೆ ಇಲ್ಲ. ಮನುಷ್ಯರಿಗೂ ಅಂಟುತ್ತದೆ. ಬೀದಿಯಲ್ಲಿ ಓಡಾಡುವ ಗಂಡಾದರೆ ಇನ್ನೊಂದು ಅಪಾಯ, ಕೂಡುವಿಕೆಯಿಂದ ಹರಡುವ ಟಿ.ವಿ.ಟಿ. ಎಂಬ ಗಡ್ಡೆ. ಹೂಕೋಸಿನಂತೆ ಬೆಳೆದು ರಕ್ತ ಸೋರುತ್ತಿರುತ್ತದೆ. ಹೆಣ್ಣಿನಲ್ಲಿ ಇದನ್ನು “ಬೆದೆ ಇನ್ನೂ ಮುಗಿದಿಲ್ಲ” ಎಂದು ತಿಂಗಳುಗಟ್ಟಲೆ ಬಿಡುತ್ತಾರೆ.

ಈಗ ‘ಹೀಟಿಗೆ ಬಂದ ಹತ್ತನೇ ದಿನ’ಕ್ಕೆ ಬರೋಣ. ಹೀಟ್ ಅಂದರೆ ಬೆದೆ. ಯಾವುದರಿಂದ ಹತ್ತನೇ ದಿನ? ಎಣಿಕೆ ಶುರುವಾಗುವುದು ಮೊದಲ ರಕ್ತದ ಹನಿ ಕಂಡ ದಿನದಿಂದ. ಅನೇಕ ಹೆಣ್ಣುಗಳು ನೆಕ್ಕಿ ಸ್ವಚ್ಛ ಮಾಡಿಕೊಳ್ಳುವುದರಿಂದ ನಮಗೆ ಕಾಣುವ ‘ಮೊದಲ ದಿನ’ ನಿಜವಾಗಿ ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಸಮಯ ಹತ್ತಿರ ಬಂದಾಗ ಬಿಳಿ ಟಿಶ್ಯೂವಿನಿಂದ ದಿನ ಬೆಳಿಗ್ಗೆ ಒರೆಸಿ ನೋಡಿ. ಬೆದೆಯಲ್ಲಿ ಎರಡು ಹಂತ. ಮೊದಲ ಹಂತದಲ್ಲಿ ಯೋನಿ ಊದಿ ರಕ್ತ ಬರುತ್ತದೆ, ಗಂಡುಗಳು ಹಿಂದೆ ಬೀಳುತ್ತವೆ, ಹೆಣ್ಣು ಗುರ್ ಎನ್ನುತ್ತದೆ. ಸರಾಸರಿ ಒಂಬತ್ತು ದಿನ, ಆದರೆ ಮೂರಕ್ಕೂ ಮುಗಿಯಬಹುದು, ಹದಿನೇಳಕ್ಕೂ ಹೋಗಬಹುದು. ಎರಡನೆಯ ಹಂತದಲ್ಲಿ ರಕ್ತ ತಿಳಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಊತ ಮೆತ್ತಗಾಗುತ್ತದೆ, ಬಾಲದ ಬುಡ ಕೆರೆದರೆ ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಇದೂ ಸರಾಸರಿ ಒಂಬತ್ತು ದಿನವೇ, ಹೆಚ್ಚುಕಮ್ಮಿಯೂ ಅಷ್ಟೇ. ಇಷ್ಟು ಅಂತರ ಇರುವಾಗ ಎಲ್ಲ ಹೆಣ್ಣಿಗೂ ಹತ್ತನೇ ದಿನ ಅನ್ನುವುದು ಲಾಟರಿ.

ಅದಕ್ಕೇ ‘ಸೀರಿಯಲ್ ಪಿ4’. ಪಿ4 ಅಂದರೆ ಪ್ರೊಜೆಸ್ಟರಾನ್ ಹಾರ್ಮೋನು, ಸೀರಿಯಲ್ ಅಂದರೆ ಒಂದೇ ಸಲ ಅಲ್ಲ, ಸಾಲಾಗಿ ನೋಡಬೇಕು. ರಕ್ತ ಕಂಡ ಐದಾರನೇ ದಿನದಿಂದ ಎರಡು ಮೂರು ದಿನಕ್ಕೊಮ್ಮೆ ಪರೀಕ್ಷೆ. ಮಿ.ಲೀ.ಗೆ 1 ನ್ಯಾನೊಗ್ರಾಂ ಕೆಳಗಿದ್ದರೆ ಇನ್ನೂ ದೂರ. 2 ನ್ಯಾನೊಗ್ರಾಂ ಆಸುಪಾಸು ಬಂದರೆ ಅಂಡ ಬಿಡುಗಡೆಗೆ ಕರೆ ಹೋಗಿದೆ ಎಂದು ಅರ್ಥ. ಅಲ್ಲಿಂದ ಎರಡು ದಿನದಲ್ಲಿ 5ರ ಸುತ್ತ ಏರಿದಾಗ ಅಂಡ ಹೊರಬರುತ್ತದೆ. ನಾಯಿಯ ಅಂಡ ಹೊರಬಂದ ಕೂಡಲೇ ಫಲಿಸುವುದಿಲ್ಲ. ಪಕ್ವವಾಗಲು ಇನ್ನೂ ಎರಡು ದಿನ ಬೇಕು. ಹಾಗಾಗಿ 5 ದಾಟಿದ ಮಾರನೆಯ ದಿನದಿಂದ ಮೂರನೆಯ ದಿನದೊಳಗೆ, 48 ಗಂಟೆ ಬಿಟ್ಟು ಎರಡು ಸಲ ಕೂಡಿಸಿದರೆ ಸಾಕು. ಇಲ್ಲಿ ಎಡವುವುದು ಎರಡು ಕಡೆ. ಲ್ಯಾಬಿನ ಏಕಮಾನ ನೋಡಿಕೊಳ್ಳಿ: ಮಿ.ಲೀ.ಗೆ ನ್ಯಾನೊಗ್ರಾಂ ಬದಲು ಲೀಟರಿಗೆ ನ್ಯಾನೊಮೋಲ್ ಇದ್ದರೆ ಸಂಖ್ಯೆ ಮೂರು ಪಟ್ಟಿಗಿಂತ ತುಸು ಹೆಚ್ಚು ಕಾಣುತ್ತದೆ, 3.18ರಿಂದ ಭಾಗಿಸಬೇಕು. ಅದನ್ನು ನೋಡದೆ ‘6 ಬಂತು’ ಎಂದು ಹೊರಟರೆ ಆಗ ನಿಜವಾದ ಮಟ್ಟ 2ರ ಹತ್ತಿರ ಅಷ್ಟೇ. ಎರಡನೆಯದು, ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಇರುತ್ತದೆ, ಎಲ್ಲ ಮಾದರಿಯನ್ನೂ ಒಂದೇ ಲ್ಯಾಬಿಗೆ ಕೊಡಿ. ಜೆಲ್ ಇಲ್ಲದ ಟ್ಯೂಬಿನಲ್ಲಿ ರಕ್ತ ತೆಗೆಯಲು ಹೇಳಿ.

‘ಲಾಕ್’ ಅಥವಾ ‘ಟೈ’ ಅಂದರೆ ಕೂಡಿದ ಮೇಲೆ ಗಂಡಿನ ಶಿಶ್ನದ ಬುಡದ ಗೆಡ್ಡೆ ಊದಿ, ಹೆಣ್ಣಿನ ಸ್ನಾಯು ಅದನ್ನು ಬಿಗಿಹಿಡಿದು ಎರಡೂ ಬೆನ್ನಿಗೆ ಬೆನ್ನು ಮಾಡಿ ನಿಲ್ಲುವುದು. ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ. ಐದು ನಿಮಿಷಕ್ಕೂ ಬಿಡಬಹುದು, ಮುಕ್ಕಾಲು ಗಂಟೆಯೂ ಆಗಬಹುದು. ನೀರು ಎರಚುವುದು, ಎಳೆಯುವುದು ಬೇಡವೇ ಬೇಡ, ಇಬ್ಬರಿಗೂ ಗಾಯವಾಗುತ್ತದೆ. ಎರಡರ ಕೊರಳಪಟ್ಟಿ ಹಿಡಿದು ಸುಮ್ಮನೆ ನಿಂತರೆ ಆಯಿತು. ಲಾಕ್ ಆಗಿದ್ದಕ್ಕೆ ಗಬ್ಬ ನಿಂತಿತು ಎಂದಲ್ಲ, ಆಗದಿದ್ದರೆ ನಿಲ್ಲುವುದೇ ಇಲ್ಲ ಎಂದೂ ಅಲ್ಲ.

ಗಬ್ಬದ ದಿನ ಎಣಿಸುವುದರಲ್ಲೂ ಇದೇ ತೊಡಕು. ಗಂಡಿನ ವೀರ್ಯಾಣು ಹೆಣ್ಣಿನೊಳಗೆ ಐದಾರು ದಿನ ಜೀವಂತ ಇರಬಲ್ಲದು. ಹಾಗಾಗಿ ಕೂಡಿಸಿದ ದಿನದಿಂದ ಎಣಿಸಿದರೆ 57ರಿಂದ 72 ದಿನ. ಅಂಡ ಬಿಡುಗಡೆಯ ದಿನದಿಂದ ಎಣಿಸಿದರೆ 63, ಒಂದು ದಿನ ಆಚೆ ಈಚೆ. ಪಿ4 ಮಾಡಿಸಿದ ಖರ್ಚು ವಸೂಲಾಗುವುದು ಇಲ್ಲಿ, ಸಿಸೇರಿಯನ್ ಬೇಕಾ ಬೇಡವಾ ಎಂಬ ರಾತ್ರಿಯಲ್ಲಿ. 28ನೇ ದಿನದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಕಾಣುತ್ತದೆ, ಮರಿ ಎಣಿಸಲು 55ನೇ ದಿನದ ಎಕ್ಸ್-ರೇ. 58ರಿಂದ ದಿನಕ್ಕೆ ಎರಡು ಸಲ ಗುದದ ತಾಪಮಾನ ಬರೆದಿಡಿ. 38ರ ಆಸುಪಾಸು ಇದ್ದದ್ದು 37.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಮರಿ ಹಾಕುತ್ತದೆ. ಮೂಲೆ ಕೆರೆಯುವುದು, ನಡುಗುವುದು, ಊಟ ಬಿಡುವುದು ಮೊದಲ ಹಂತ. ಹನ್ನೆರಡು ಗಂಟೆಯವರೆಗೂ ನಡೆಯಬಹುದು. ಜೋರಾಗಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಒಳಗೆ ಮರಿ ಇರುವಾಗಲೇ ಎರಡು ಗಂಟೆ ಸುಮ್ಮನಿದ್ದರೆ, ಮೊದಲ ಮರಿಗೂ ಮುಂಚೆ ಕಡು ಹಸಿರು ಸ್ರಾವ ಬಂದರೆ ಗಾಡಿ ಹತ್ತಿಸಿ. ಆ ಹಸಿರು ಮಾಸು ಕಳಚಿದ್ದರ ಗುರುತು. ಮರಿ ಹುಟ್ಟಿದ ನಂತರ ಬಂದರೆ ಸಹಜ. ಒಂದೊಂದು ಮರಿಗೂ ಒಂದೊಂದು ಮಾಸು, ಬಿದ್ದಂತೆ ಎಣಿಸಿಡಿ.

ಗಬ್ಬದಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಡಬೇಡಿ. ಹೊರಗಿನಿಂದ ಸಿಗುತ್ತಿದ್ದರೆ ಮೈ ತನ್ನ ಎಲುಬಿನಿಂದ ತೆಗೆದುಕೊಳ್ಳುವ ವ್ಯವಸ್ಥೆ ಮಲಗಿಬಿಡುತ್ತದೆ, ಹಾಲು ಜೋರಾದಾಗ ಕೈಕೊಡುತ್ತದೆ. ಮರಿ ಹಾಕಿದ ಎರಡರಿಂದ ನಾಲ್ಕನೇ ವಾರದಲ್ಲಿ ತಾಯಿ ಏದುಸಿರು ಬಿಟ್ಟು, ಕಾಲು ಸೆಟೆದು ನಡುಗಿದರೆ ಅದು ಕ್ಯಾಲ್ಸಿಯಂ ಕುಸಿತ. ಮರಿಗಳನ್ನು ಬೇರೆ ಮಾಡಿ ಆ ಗಂಟೆಯಲ್ಲೇ ಆಸ್ಪತ್ರೆ ಸೇರಬೇಕು. ಗಬ್ಬ ನಿಲ್ಲದಿದ್ದರೂ ಬೆದೆ ಮುಗಿದ ನಾಲ್ಕರಿಂದ ಎಂಟು ವಾರ ಕಣ್ಣಿಡಿ: ವಿಪರೀತ ನೀರು ಕುಡಿಯುವುದು, ಮಂಕು, ಕೀವಿನಂಥ ಸ್ರಾವ ಕಂಡರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಸ್ರಾವ ಹೊರಗೆ ಬಾರದ ಬಗೆ ಇನ್ನೂ ಅಪಾಯದ್ದು.

ಈ ಸಲದ ಬೆದೆಗೆ ಕೂಡಿಸಬಹುದೇ ಎಂದು ಕೇಳಿದ್ದೀರಿ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ಕೇಂದ್ರ ನಿಯಮಗಳ ಪ್ರಕಾರ ಹೆಣ್ಣಿಗೆ 18 ತಿಂಗಳಾಗಿರಬೇಕು, ವರ್ಷಕ್ಕೊಂದೇ ಸೂಲು, ಜೀವಮಾನದಲ್ಲಿ ಐದು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ವಯಸ್ಸಿನ ಲೆಕ್ಕದಲ್ಲಿ ನಿಮ್ಮದು ಸರಿ. ಆದರೂ ಮಂಡಿಯ ಮರುಪರೀಕ್ಷೆ, ಇಬ್ಬರ ಬ್ರೂಸೆಲ್ಲಾ ವರದಿ ಕೈಗೆ ಬರುವ ಮೊದಲೇ ಬೆದೆ ಬಂದುಬಿಟ್ಟರೆ ಈ ಸಲ ಬಿಟ್ಟುಬಿಡಿ, ಆರೆಂಟು ತಿಂಗಳಿಗೆ ಮತ್ತೆ ಬರುತ್ತದೆ.

ಎಕ್ಸ್-ರೇಗೋ ಸಿಸೇರಿಯನ್‌ಗೋ ಅರಿವಳಿಕೆ ಕೊಡುವ ಸಂದರ್ಭ ಬಂದರೆ, ಇದು ಗ್ರೇಹೌಂಡ್‌ನಂಥ ತೆಳು ಮೈಯ ಓಟದ ನಾಯಿ ಎಂದು ವೈದ್ಯರಿಗೆ ಮೊದಲೇ ಹೇಳಿ. ಥಯೋಪೆಂಟೋನ್ ಗುಂಪಿನ ಔಷಧಿ ಕೊಟ್ಟರೆ ಇಂಥ ನಾಯಿಗಳು ಎಚ್ಚರಗೊಳ್ಳಲು ಉಳಿದ ತಳಿಗಳಿಗಿಂತ ಬಹಳ ಹೊತ್ತು ಹಿಡಿಯುತ್ತವೆ, ಮೈ ಬೇಗ ತಣ್ಣಗಾಗುತ್ತದೆ. ಬೇರೆ ಔಷಧಿ ಆರಿಸಿಕೊಳ್ಳುತ್ತಾರೆ. ಹೊದಿಸಲು ಮನೆಯಿಂದ ಒಂದು ಕಂಬಳಿ ತೆಗೆದುಕೊಂಡು ಹೋಗಿ.